ಪಾದ್ರಿಯ ಮಾತು ಮೀರಿದ ಐರ್ಲೆಂಡ್

ಐರ್ಲೆಂಡಿನ ಸಾರ್ವಜನಿಕ ವಾಹಿನಿ ಆರ್‌ಟಿಇಯಲ್ಲಿ ಸಂಜೆಯ ಮುಖ್ಯ ವಾರ್ತೆ ಶುರುವಾಗುವ ಹೊತ್ತು ಆರು ಗಂಟೆ ಒಂದು ನಿಮಿಷ. ಕಾರ್ಯಕ್ರಮದ ಹೆಸರೂ ‘ಸಿಕ್ಸ್ ವನ್’. ಅದಕ್ಕೆ ಮುಂಚಿನ ಆ ಒಂದು ನಿಮಿಷ ದೇವರ ಪಾಲು. ಕ್ಯಾಥೊಲಿಕರ ತ್ರಿಕಾಲ ಪ್ರಾರ್ಥನೆಯ ಗಂಟೆ 18 ಸಲ ಹೊಡೆದ ಮೇಲೆಯೇ ಲೋಕದ ಸುದ್ದಿ. 1950ರ ಆಗಸ್ಟ್ 15ರಂದು, ಮರಿಯಮ್ಮನವರ ಸ್ವರ್ಗಾರೋಹಣದ ಹಬ್ಬದ ದಿನ, ರೇಡಿಯೊದಲ್ಲಿ ಆರಂಭವಾದ ಈ ಪದ್ಧತಿ ಆಮೇಲೆ ಟಿವಿಗೂ ಬಂತು. ಪರದೆಯ ಮೇಲೆ ಈಗ ಮಾತೆಯ ಪಟ ಇರುವುದಿಲ್ಲ. ಕೆಲಸ ನಿಲ್ಲಿಸಿ ಒಂದು ಗಳಿಗೆ ಸುಮ್ಮನೆ ಕುಳಿತ ಸಾಮಾನ್ಯ ಜನರು ಕಾಣಿಸುತ್ತಾರೆ. ಗಂಟೆ ಮಾತ್ರ ಅದೇ.

ಇದೇ ದೇಶ 2015ರಲ್ಲಿ ಸಲಿಂಗ ವಿವಾಹಕ್ಕೆ ಜನಮತಗಣನೆಯ ಮೂಲಕ ಒಪ್ಪಿಗೆ ಕೊಟ್ಟಿತು. ಇಡೀ ದೇಶದ ಮತದಾರರ ತೀರ್ಮಾನದಿಂದಲೇ ಇದನ್ನು ಕಾನೂನು ಮಾಡಿದ ಮೊದಲ ದೇಶ ಅದು. 2018ರ ಮೇ ತಿಂಗಳಲ್ಲಿ ಗರ್ಭಪಾತ ನಿಷೇಧವನ್ನು ಸಂವಿಧಾನದಿಂದ ಕಿತ್ತುಹಾಕಿತು, ಅಕ್ಟೋಬರಿನಲ್ಲಿ ದೈವನಿಂದನೆಯ ಅಪರಾಧವನ್ನು. ಗುಡ್ ಫ್ರೈಡೇ ದಿನ ಪಬ್ಬುಗಳಿಗೆ ಬೀಗ ಹಾಕಬೇಕೆಂಬ 1927ರಿಂದಿದ್ದ ಕಾಯ್ದೆಯೂ ಅದೇ ವರ್ಷ ಹೋಯಿತು. ಕುಡಿತಕ್ಕೆ ಹೆಸರಾದ ನಾಡಿನಲ್ಲಿ ಈ ಕೊನೆಯ ಸಂಗತಿ ಗರ್ಭಪಾತದಷ್ಟು ಚರ್ಚೆಯಾಗದೆ ಸಲೀಸಾಗಿ ಮುಗಿದದ್ದು ಆಶ್ಚರ್ಯ.

1961ರ ಜನಗಣತಿಯಲ್ಲಿ ನೂರಕ್ಕೆ ಸುಮಾರು 95 ಮಂದಿ ತಾವು ಕ್ಯಾಥೊಲಿಕರು ಎಂದು ಬರೆಸಿದ್ದರು. 2016ರಲ್ಲಿ ಅದು ಶೇ 78. 2022ರಲ್ಲಿ ಶೇ 69. ಧರ್ಮವೇ ಇಲ್ಲ ಎಂದವರು 7 ಲಕ್ಷ ದಾಟಿದ್ದಾರೆ. ಈ ಅಂಕಿಗಳನ್ನು ನೋಡಿ ‘ವಿದ್ಯೆ ಬಂತು, ಹಣ ಬಂತು, ದೇವರು ಹೋದ’ ಎಂದು ತೀರ್ಪು ಕೊಡುವವರಿದ್ದಾರೆ. ನನಗೆ ಅದು ಅರ್ಧ ಸತ್ಯ ಅನ್ನಿಸುತ್ತದೆ. ಐರಿಶರು ದೇವರ ಜತೆ ವಾದ ಮಾಡಿ ಸಂಬಂಧ ಕಡಿದುಕೊಂಡವರಲ್ಲ. ಅವರ ತಕರಾರು ಇದ್ದದ್ದು ಮನೆ, ಶಾಲೆ, ಆಸ್ಪತ್ರೆ, ಹೆರಿಗೆಯ ಕೋಣೆ ಎಲ್ಲವನ್ನೂ ಆಳುತ್ತಿದ್ದ ಒಂದು ಆಡಳಿತದ ಜತೆ. ಆ ಆಡಳಿತವನ್ನು ಮುರಿದದ್ದೂ ನಾಸ್ತಿಕರ ಪುಸ್ತಕಗಳಲ್ಲ, ಹೆಂಗಸರು ಬಾಯಿಬಿಟ್ಟು ಹೇಳಿದ ಕಥೆಗಳು.

ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಐರ್ಲೆಂಡಿನ ಆ ‘ಪುರಾತನ’ ಭಕ್ತಿ ಎಷ್ಟು ಪುರಾತನ? ಸಂತ ಪ್ಯಾಟ್ರಿಕ್ ಕ್ರೈಸ್ತಧರ್ಮ ತಂದದ್ದು ಐದನೇ ಶತಮಾನದಲ್ಲಿ, ಸರಿ. ಆದರೆ ಪ್ರತಿ ಭಾನುವಾರ ತಪ್ಪದೆ ಬಲಿಪೂಜೆ, ಮನೆಮನೆಯಲ್ಲಿ ಜಪಮಾಲೆ, ಗೋಡೆಯ ಮೇಲೆ ಯೇಸುವಿನ ಪವಿತ್ರ ಹೃದಯದ ಪಟ ಮತ್ತು ಅದರ ಕೆಳಗೆ ಸದಾ ಉರಿಯುವ ಕೆಂಪು ದೀಪ, ಪಾದ್ರಿ ಕಂಡರೆ ಟೊಪ್ಪಿ ತೆಗೆಯುವ ರಿವಾಜು ಇವೆಲ್ಲ ಬಹುಪಾಲು 1850ರ ನಂತರದವು. ಬ್ರಿಟಿಷರ ದಂಡನಾ ಕಾಯ್ದೆಗಳ ಕಾಲದಲ್ಲಿ ಕ್ಯಾಥೊಲಿಕರಿಗೆ ಜಮೀನು ಕೊಳ್ಳುವ, ಶಾಲೆ ನಡೆಸುವ ಹಕ್ಕಿರಲಿಲ್ಲ. ಬಯಲಿನ ಬಂಡೆಯೇ ಬಲಿಪೀಠ. ಡೇನಿಯಲ್ ಓ’ಕಾನೆಲ್ ಹೋರಾಟದಿಂದ 1829ರಲ್ಲಿ ಸಂಸತ್ತಿನ ಬಾಗಿಲು ತೆರೆಯಿತು. ಆಗಿನ ಬಡ ಹಳ್ಳಿಗರ ಧರ್ಮ ಚರ್ಚಿಗಿಂತ ಹೆಚ್ಚಾಗಿ ಪವಿತ್ರ ಬಾವಿಗಳ ಸುತ್ತ, ಸಂತರ ಜಾತ್ರೆಗಳಲ್ಲಿ, ಸತ್ತವರ ಮನೆಯ ಜಾಗರಣೆಗಳಲ್ಲಿ ಇತ್ತು. ಆ ಜಾತ್ರೆಗಳಲ್ಲಿ ಕುಡಿತ, ಕುಣಿತ, ಹೊಡೆದಾಟ ಎಲ್ಲ ಇರುತ್ತಿದ್ದುದರಿಂದ ಬಿಷಪ್ಪರಿಗೆ ಅವನ್ನು ಕಂಡರೆ ಆಗುತ್ತಿರಲಿಲ್ಲ.

1845ರಿಂದ ಆಲೂಗೆಡ್ಡೆಗೆ ರೋಗ ಬಿತ್ತು. ಹತ್ತು ಲಕ್ಷ ಜನ ಸತ್ತರು, ಇನ್ನೂ ಹತ್ತು ಲಕ್ಷಕ್ಕೂ ಹೆಚ್ಚು ಜನ ಹಡಗು ಹತ್ತಿದರು. ಹಳೆಯ ಜಾನಪದ ಭಕ್ತಿಯ ವಾರಸುದಾರರಾಗಿದ್ದ ಕೂಲಿಕಾರರು, ಐರಿಶ್ ಭಾಷೆ ಆಡುವವರು, ಎಲ್ಲರಿಗಿಂತ ಮೊದಲು ಅಳಿದರು. ಉಳಿದವರ ನಡುವೆ ರೋಮಿನಿಂದ ಬಂದ ಪಾಲ್ ಕಲ್ಲೆನ್ 1852ರಲ್ಲಿ ಡಬ್ಲಿನ್ನಿನ ಆರ್ಚ್‌ಬಿಷಪ್ ಆದರು, ಮುಂದೆ ಐರ್ಲೆಂಡಿನ ಮೊದಲ ಕಾರ್ಡಿನಲ್. ಚರ್ಚುಗಳು ಕಲ್ಲಿನ ಕಟ್ಟಡಗಳಾದವು, ಪಾದ್ರಿಗಳಿಗೆ ಶಿಸ್ತು ಬಂತು, ಪೂಜೆಗೆ ಗೈರಾಗುವುದು ಊರಿಗೆಲ್ಲ ಗೊತ್ತಾಗುವ ಸಂಗತಿಯಾಯಿತು. ಎಮ್ಮೆಟ್ ಲಾರ್ಕಿನ್ ಎಂಬ ಇತಿಹಾಸಕಾರ 1972ರಲ್ಲಿ ಇದನ್ನು ಭಕ್ತಿಯ ಕ್ರಾಂತಿ ಎಂದೇ ಕರೆದರು. ಅವರ ಲೆಕ್ಕಗಳ ಬಗ್ಗೆ ವಿದ್ವಾಂಸರು ಇವತ್ತಿಗೂ ಜಗಳವಾಡುತ್ತಾರೆ, ಆದರೆ ಸನ್ಯಾಸಿನಿಯರ ಸಂಖ್ಯೆಯ ಬಗ್ಗೆ ಜಗಳವಿಲ್ಲ. 1800ರಲ್ಲಿ ಸುಮಾರು 120 ಇದ್ದವರು 1901ರ ಹೊತ್ತಿಗೆ 8,000 ದಾಟಿದ್ದರು. ಆ ನೂರು ವರ್ಷದಲ್ಲಿ ದೇಶದ ಜನಸಂಖ್ಯೆ ಏರಿ, ಬರದ ನಂತರ ಪಾತಾಳಕ್ಕಿಳಿದಿತ್ತು ಎಂಬುದನ್ನು ಮರೆಯಬಾರದು.

ಇದರ ಹಿಂದೆ ಹೊಲದ ಲೆಕ್ಕವೂ ಇದೆ. ಬರಗಾಲಕ್ಕೆ ಮೊದಲು ಅಪ್ಪನ ಜಮೀನನ್ನು ಮಕ್ಕಳೆಲ್ಲ ಹಂಚಿಕೊಂಡು ತುಂಡು ಮಾಡುತ್ತಿದ್ದರು. ಹಸಿವು ಕಲಿಸಿದ ಪಾಠದಿಂದ, ಇಡೀ ಜಮೀನು ಒಬ್ಬ ಮಗನಿಗೆ ಎಂಬ ಕ್ರಮ ಬಂತು. ಆ ಮಗನೂ ಅಪ್ಪ ಮುದುಕನಾಗಿ ಕಾಗದಕ್ಕೆ ರುಜು ಹಾಕುವವರೆಗೆ ಮದುವೆಯಾಗುವಂತಿಲ್ಲ. ಒಬ್ಬ ಮಗಳಿಗೆ ವರದಕ್ಷಿಣೆ. ಮಿಕ್ಕವರಿಗೆ ಹಡಗು, ಇಲ್ಲವೇ ಗುರುಮಠ, ಕನ್ಯಾಮಠ. ಮದುವೆಯಿಲ್ಲದ ಗಂಡಸರು, ಹೆಂಗಸರು ಊರ ತುಂಬ ಇರುವ ಸಮಾಜದಲ್ಲಿ ಒಂದು ಅನಪೇಕ್ಷಿತ ಬಸಿರು ಎಂದರೆ ಪಾಪಕ್ಕಿಂತ ಮೊದಲು ಆಸ್ತಿಯ ಗಂಡಾಂತರ. ಕಾಮದ ಮೇಲೆ ಚರ್ಚು ಇಟ್ಟ ಕಣ್ಣು ರೈತ ಕುಟುಂಬಗಳಿಗೆ ಬೇಕಾಗಿಯೇ ಇತ್ತು. ಪಾದ್ರಿ ಬಲವಂತದಿಂದ ಹೇರಿದ ನೀತಿ ಎಂದು ಇವತ್ತು ಹೇಳುವುದು ಸುಲಭ, ಹೇರಿಸಿಕೊಂಡವರಿಗೂ ಅದರಲ್ಲಿ ಲಾಭವಿತ್ತು.

1922ರಲ್ಲಿ ಸ್ವಾತಂತ್ರ್ಯ ಬಂದಾಗ ಹೊಸ ಸರ್ಕಾರದ ಬೊಕ್ಕಸ ಖಾಲಿ. ಶಾಲೆ, ಆಸ್ಪತ್ರೆ, ಅನಾಥಾಲಯಗಳನ್ನು ಸಂಬಳವಿಲ್ಲದೆ, ಇಲ್ಲವೇ ಅಗ್ಗವಾಗಿ ನಡೆಸಲು ಸಿದ್ಧವಿದ್ದ ಸಿಸ್ಟರ್‌ಗಳು, ಬ್ರದರ್‌ಗಳು ಸಾವಿರಾರು. ಸರ್ಕಾರ ಸಂತೋಷದಿಂದ ಕೈ ತೊಳೆದುಕೊಂಡಿತು. 1932ರಲ್ಲಿ ಡಬ್ಲಿನ್ನಿನಲ್ಲಿ ಜಾಗತಿಕ ಪರಮಪ್ರಸಾದ ಸಮಾವೇಶ ನಡೆದಾಗ ಫೀನಿಕ್ಸ್ ಪಾರ್ಕಿನಲ್ಲಿ ಸೇರಿದ ಜನಸಾಗರದೆದುರು ಗಾಯಕ ಜಾನ್ ಮೆಕಾರ್ಮಕ್ ಹಾಡಿದರು. ಹೊಸ ರಾಷ್ಟ್ರ ತನ್ನ ಗುರುತನ್ನು ಲೋಕಕ್ಕೆ ಸಾರಿದ ಗಳಿಗೆ ಅದು. 1937ರ ಸಂವಿಧಾನ ಪವಿತ್ರ ತ್ರಿತ್ವದ ಹೆಸರಿನಲ್ಲಿ ಶುರುವಾಗುತ್ತದೆ, ಇವತ್ತಿಗೂ. ಅದು ವಿಚ್ಛೇದನವನ್ನು ನಿಷೇಧಿಸಿತು, ಕ್ಯಾಥೊಲಿಕ್ ಚರ್ಚಿಗೆ ‘ವಿಶೇಷ ಸ್ಥಾನ’ ಕೊಟ್ಟಿತು. ಗರ್ಭನಿರೋಧಕಗಳ ಮಾರಾಟಕ್ಕೆ 1935ರಲ್ಲೇ ನಿಷೇಧ ಬಿದ್ದಿತ್ತು.

ಚರ್ಚಿನ ಕೈ ಎಷ್ಟು ಉದ್ದ ಎಂಬುದು ತಿಳಿದದ್ದು 1951ರಲ್ಲಿ. ಆರೋಗ್ಯ ಸಚಿವ ನೋಯಲ್ ಬ್ರೌನ್ ತಾಯಂದಿರಿಗೆ ಮತ್ತು 16 ವರ್ಷದೊಳಗಿನ ಮಕ್ಕಳಿಗೆ ಉಚಿತ ಚಿಕಿತ್ಸೆಯ ಯೋಜನೆ ತಂದರು. ಕುಟುಂಬದ ವಿಷಯದಲ್ಲಿ ಸರ್ಕಾರ ತಲೆಹಾಕುವುದು ಕ್ಯಾಥೊಲಿಕ್ ನೀತಿಗೆ ವಿರುದ್ಧ ಎಂದು ಬಿಷಪ್ಪರು ಕಾಗದ ಬರೆದರು. ಮುಂದಾಳು ಡಬ್ಲಿನ್ನಿನ ಆರ್ಚ್‌ಬಿಷಪ್ ಜಾನ್ ಚಾರ್ಲ್ಸ್ ಮೆಕ್‌ಕ್ವೇಡ್. ಆದಾಯ ಹೋಗುತ್ತದೆಂದು ವೈದ್ಯರ ಸಂಘವೂ ದನಿಗೂಡಿಸಿತು. ಸಂಪುಟ ಹಿಂದೆ ಸರಿಯಿತು. ಬ್ರೌನ್ ರಾಜೀನಾಮೆ ಕೊಟ್ಟು, ಹೋಗುವ ಮುನ್ನ ಬಿಷಪ್ಪರ ಪತ್ರಗಳನ್ನೆಲ್ಲ ಪತ್ರಿಕೆಗಳಿಗೆ ಒಪ್ಪಿಸಿಬಿಟ್ಟರು. ಯಾರು ಆಳುತ್ತಿದ್ದಾರೆಂದು ಜನ ಅಚ್ಚಿನಲ್ಲೇ ಓದಿದರು. ಓದಿ ಸುಮ್ಮನಾದರು, ಅದು ಬೇರೆ ಮಾತು.

ಸುಮ್ಮನಿದ್ದವರನ್ನು ಮಾತಿಗೆಳೆದದ್ದು ಟಿವಿ ಮತ್ತು ರೇಡಿಯೊ. ಟಿವಿ ಬರುವ ಮೊದಲು ಐರ್ಲೆಂಡಿನಲ್ಲಿ ಕಾಮವೇ ಇರಲಿಲ್ಲ ಎಂದು ರಾಜಕಾರಣಿಯೊಬ್ಬರು ಗಂಭೀರವಾಗಿಯೇ ಹೇಳಿದ್ದು ಅಲ್ಲಿ ಜನಜನಿತ. 1966ರಲ್ಲಿ ಗೇ ಬರ್ನ್ ನಡೆಸುತ್ತಿದ್ದ ‘ಲೇಟ್ ಲೇಟ್ ಶೋ’ದಲ್ಲಿ ದಂಪತಿಗಳಿಗೊಂದು ಆಟ. ಮದುವೆಯ ರಾತ್ರಿ ನಿಮ್ಮ ರಾತ್ರಿಯುಡುಪಿನ ಬಣ್ಣ ಯಾವುದಿತ್ತು ಎಂಬ ಪ್ರಶ್ನೆಗೆ ಒಬ್ಬ ಹೆಂಗಸು, ಬಹುಶಃ ಏನೂ ಹಾಕಿರಲಿಲ್ಲವೇನೋ ಎಂದು ನಕ್ಕುಬಿಟ್ಟಳು. ಕ್ಲಾನ್‌ಫರ್ಟಿನ ಬಿಷಪ್ ಥಾಮಸ್ ರಯಾನ್ ಕೂಡಲೇ ಪತ್ರಿಕೆಗೆ ಫೋನು ಮಾಡಿ ಖಂಡಿಸಿದರು, ಮರುದಿನ ಪ್ರವಚನದಲ್ಲೂ ಗುಡುಗಿದರು. ದೇಶವೆಲ್ಲ ಅದೇ ಮಾತು. ಆದರೆ ಆ ಮಾತಿನ ಸಂದುಗಳಲ್ಲಿ ಮೊದಲ ಸಲ ಬಿಷಪ್ಪರ ಬಗ್ಗೆ ನಗೆಯೂ ಕೇಳಿಸಿತು. 1967ರಿಂದ ಪ್ರೌಢಶಿಕ್ಷಣ ಉಚಿತವಾಯಿತು. 1971ರಲ್ಲಿ ಹೆಂಗಸರ ಗುಂಪೊಂದು ರೈಲಿನಲ್ಲಿ, ಈ ನಿಷೇಧವಿಲ್ಲದ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿಗೆ ಹೋಗಿ ಗರ್ಭನಿರೋಧಕಗಳನ್ನು ಕೊಂಡು ತಂದು ಡಬ್ಲಿನ್ ನಿಲ್ದಾಣದಲ್ಲಿ ಕಸ್ಟಮ್ಸ್‌ನವರ ಮುಖಕ್ಕೆ ಹಿಡಿಯಿತು. ಮದುವೆಯಾದ ಹೆಣ್ಣು ಸರ್ಕಾರಿ ನೌಕರಿ ಬಿಡಬೇಕೆಂಬ ನಿಯಮ 1973ರಲ್ಲಿ ರದ್ದಾಯಿತು. ಸಂವಿಧಾನದ ‘ವಿಶೇಷ ಸ್ಥಾನ’ ಅದಕ್ಕೂ ಕೆಲವು ತಿಂಗಳು ಮೊದಲೇ ಹೋಗಿತ್ತು.

ಹೊರನೋಟಕ್ಕೆ ಮಾತ್ರ ಕೋಟೆ ಭದ್ರ. 1979ರ ಸೆಪ್ಟೆಂಬರಿನಲ್ಲಿ ಪೋಪ್ ಎರಡನೇ ಜಾನ್ ಪಾಲ್ ಬಂದಾಗ ಫೀನಿಕ್ಸ್ ಪಾರ್ಕಿನ ಪೂಜೆಗೆ ಸೇರಿದವರು ಸುಮಾರು 12.5 ಲಕ್ಷ. ದೇಶದ ಮೂರನೇ ಒಂದು ಪಾಲಿಗಿಂತ ಹೆಚ್ಚು ಜನ ಒಂದೇ ಮೈದಾನದಲ್ಲಿ. ಮರುದಿನ ಗಾಲ್ವೆಯ ಕುದುರೆ ಪಂದ್ಯದ ಮೈದಾನದಲ್ಲಿ ಯುವಜನರ ಪೂಜೆ. ಪೋಪ್ ಬರುವವರೆಗೆ ಹಾಡಿ, ನಗಿಸಿ ಹುರಿದುಂಬಿಸಿದವರು ಜನಪ್ರಿಯ ಬಿಷಪ್ ಏಮನ್ ಕೇಸಿ ಮತ್ತು ರೇಡಿಯೊದ ತಾರೆ ಫಾದರ್ ಮೈಕೆಲ್ ಕ್ಲೇರಿ. ಕೇಸಿಯವರಿಗೆ ಅಮೆರಿಕದ ಮಹಿಳೆಯೊಬ್ಬರಲ್ಲಿ ಹುಟ್ಟಿದ ಐದು ವರ್ಷದ ಮಗನಿದ್ದ, ಕ್ಲೇರಿಯವರಿಗೆ ಮನೆಗೆಲಸದಾಕೆಯಿಂದ ಮಕ್ಕಳಾಗಿದ್ದವು. ಎರಡೂ ಬಯಲಾದದ್ದು 1990ರ ದಶಕದಲ್ಲಿ. ಸಂಯಮದ ಪಾಠ ಹೇಳಿದ್ದ ವೇದಿಕೆಯೇ ಹಾಗಿತ್ತು ಎಂದು ತಿಳಿದಾಗ, ಅವತ್ತು ಅಲ್ಲಿ ಕೈಬೀಸಿದ್ದ ಹುಡುಗ ಹುಡುಗಿಯರು ಮಧ್ಯವಯಸ್ಸಿನ ಅಂಚಿನಲ್ಲಿದ್ದರು.

ಪೋಪ್ ಭೇಟಿಯ ಬಿಸಿ ಆರುವ ಮೊದಲೇ, 1983ರಲ್ಲಿ, ಶೇ 67ರಷ್ಟು ಮತದಿಂದ ಸಂವಿಧಾನಕ್ಕೆ ಎಂಟನೇ ತಿದ್ದುಪಡಿ ಸೇರಿತು. ಬಸುರಿಯ ಜೀವಕ್ಕೂ ಭ್ರೂಣದ ಜೀವಕ್ಕೂ ಸಮಾನ ಹಕ್ಕು ಎಂದಿತು ಅದು. ಗರ್ಭಪಾತ ಆಗಲೇ ಕಾನೂನುಬಾಹಿರವಾಗಿತ್ತು. ಮುಂದಿನ ಯಾವ ನ್ಯಾಯಾಲಯವೂ, ಯಾವ ಸರ್ಕಾರವೂ ಸಡಿಲಿಸದಂತೆ ಮೊಳೆ ಹೊಡೆಯುವುದಷ್ಟೇ ಉದ್ದೇಶ.

ಐದು ತಿಂಗಳೂ ಕಳೆದಿರಲಿಲ್ಲ. 1984ರ ಜನವರಿ 31, ಗ್ರಾನಾರ್ಡ್ ಎಂಬ ಸಣ್ಣ ಊರು. ಶಾಲೆಯಿಂದ ಹೊರಟ 15ರ ಹುಡುಗಿಯೊಬ್ಬಳು ಮರಿಯಮ್ಮನವರ ಗವಿಯ ಬಳಿ, ಮಳೆಯಲ್ಲಿ, ಒಬ್ಬಳೇ ಹೆತ್ತಳು. ಮಗು ಅಲ್ಲೇ ಸತ್ತಿತ್ತು, ಅವಳೂ ಅದೇ ದಿನ ತೀರಿಕೊಂಡಳು. ಊರು ಬಾಯಿಗೆ ಬೀಗ ಹಾಕಿಕೊಂಡಿತು. ಆದರೆ ಗೇ ಬರ್ನ್‌ನ ರೇಡಿಯೊ ಕಾರ್ಯಕ್ರಮಕ್ಕೆ ಕಾಗದಗಳು ಬರತೊಡಗಿದವು. ಹೊಲದಲ್ಲಿ ಹೆತ್ತವರು, ಬಚ್ಚಲಲ್ಲಿ ಹೆತ್ತವರು, ಹೆತ್ತು ಹೂತವರು, ಐವತ್ತು ವರ್ಷ ಗಂಡನಿಗೂ ಹೇಳದೆ ನುಂಗಿಕೊಂಡಿದ್ದ ಅಜ್ಜಿಯರು. ಫೆಬ್ರವರಿಯ ಒಂದು ಬೆಳಿಗ್ಗೆ ಇಡೀ ಕಾರ್ಯಕ್ರಮ ಆ ಪತ್ರಗಳ ಓದಿಗೇ ಮೀಸಲಾಯಿತು. ನಡುವೆ ಹಾಡಿಲ್ಲ, ಹರಟೆಯಿಲ್ಲ. ಅಡುಗೆಮನೆಗಳಲ್ಲಿ ಹೆಂಗಸರು ಕೈಗೆಲಸ ಬಿಟ್ಟು ಕೇಳಿದರು. ಪಾಪನಿವೇದನೆಯ ಪೆಟ್ಟಿಗೆಯಲ್ಲಿ, ಪರದೆಯ ಆಚೆಯ ಗಂಡಸಿನ ಕಿವಿಗೆ ಮಾತ್ರ ಹೇಳಬಹುದಾಗಿದ್ದ ಮಾತು ಅವತ್ತು ಊರಿಗೂರಿಗೇ ಕೇಳಿಸಿತು. ಐರ್ಲೆಂಡಿನಲ್ಲಿ ಚರ್ಚಿನ ಪ್ರಭುತ್ವ ಮುರಿದ ದಿನ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಆ ಬೆಳಿಗ್ಗೆಯನ್ನು ತೋರಿಸುತ್ತೇನೆ, ಯಾವ ಜನಮತಗಣನೆಯನ್ನೂ ಅಲ್ಲ. ಮರುವರ್ಷ ಬೇಸಿಗೆಯಲ್ಲಿ ಬ್ಯಾಲಿನ್‌ಸ್ಪಿಟಲ್ ಎಂಬಲ್ಲಿ ಮರಿಯಮ್ಮನವರ ಪ್ರತಿಮೆ ಅಲುಗಾಡಿತೆಂದು ಲಕ್ಷಾಂತರ ಜನ ಮುಗಿಬಿದ್ದರು ಎಂಬುದೂ ನಿಜ. 1986ರಲ್ಲಿ ವಿಚ್ಛೇದನದ ಪ್ರಸ್ತಾವ ಸೋತಿತು. ಭಯ ಹೋಗಲು ಸಮಯ ಬೇಕು.

ಆಮೇಲಿನದು ಸರಸರನೆ ನಡೆಯಿತು. 1992ರ ಮೇ ತಿಂಗಳಲ್ಲಿ ಕೇಸಿ ರಾಜೀನಾಮೆ. ಅಕ್ಟೋಬರಿನಲ್ಲಿ ಗಾಯಕಿ ಶಿನೇಡ್ ಓ’ಕಾನರ್ ಅಮೆರಿಕದ ಟಿವಿಯಲ್ಲಿ ಪೋಪ್ ಚಿತ್ರವನ್ನು ಹರಿದುಹಾಕಿದಾಗ ಜಗತ್ತು ಅವಳನ್ನು ಹುಚ್ಚಿ ಎಂದಿತು. ಹದಿಹರೆಯದಲ್ಲಿ ಸಿಸ್ಟರ್‌ಗಳು ನಡೆಸುವ ಸುಧಾರಣಾ ಕೇಂದ್ರದಲ್ಲಿದ್ದು ಬಂದವಳು ಅವಳು. 1994ರಲ್ಲಿ ಮಕ್ಕಳ ಮೇಲೆ ದಶಕಗಳ ಕಾಲ ಅತ್ಯಾಚಾರ ಮಾಡಿದ ಫಾದರ್ ಬ್ರೆಂಡನ್ ಸ್ಮಿತ್‌ನ ಗಡೀಪಾರಿನ ಕಡತ ಕೊಳೆತದ್ದಕ್ಕೆ ಆಲ್ಬರ್ಟ್ ರೆನಾಲ್ಡ್ಸ್ ಸರ್ಕಾರವೇ ಉರುಳಿತು. 1995ರಲ್ಲಿ ವಿಚ್ಛೇದನ ಗೆದ್ದಿತು, ಅಂತರ 9,114 ಮತ. 2009ರಲ್ಲಿ ಚರ್ಚಿನ ಸುಪರ್ದಿನಲ್ಲಿ ಮಕ್ಕಳ ಮೇಲಾದ ದೌರ್ಜನ್ಯ ಕುರಿತ ರಯಾನ್ ವರದಿ, ಮರ್ಫಿ ವರದಿ. ಸಂತ್ರಸ್ತರಿಗೆ ಪರಿಹಾರ ಕೊಡುವಾಗ ಧರ್ಮಸಭೆಗಳ ಪಾಲನ್ನು ಸರ್ಕಾರ 2002ರಲ್ಲೇ 12.8 ಕೋಟಿ ಯೂರೊಗೆ ಮಿತಿಗೊಳಿಸಿ ಒಪ್ಪಂದ ಮಾಡಿಕೊಂಡಿತ್ತು. ಒಟ್ಟು ವೆಚ್ಚ ನೂರು ಕೋಟಿ ಯೂರೊ ದಾಟಿತು. ಉಳಿದದ್ದನ್ನು ತೆತ್ತವರು ತೆರಿಗೆದಾರರು, ಅಂದರೆ ಸಂತ್ರಸ್ತರೂ ಸೇರಿದಂತೆ. 2011ರಲ್ಲಿ ಪ್ರಧಾನಿ ಎಂಡಾ ಕೆನ್ನಿ, ತಾವೇ ಪೂಜೆ ತಪ್ಪಿಸದ ಕ್ಯಾಥೊಲಿಕರು, ಸಂಸತ್ತಿನಲ್ಲಿ ವ್ಯಾಟಿಕನ್ನನ್ನು ಹೆಸರು ಹಿಡಿದು ಖಂಡಿಸಿದರು. ಆ ವರ್ಷವೇ ವ್ಯಾಟಿಕನ್ನಿನ ಐರಿಶ್ ರಾಯಭಾರ ಕಚೇರಿ ಮುಚ್ಚಿತು. ಮೂರು ವರ್ಷದ ಮೇಲೆ ಮತ್ತೆ ತೆರೆಯಿತೆನ್ನಿ.

ನಮ್ಮ ಬೆಳಗಾವಿ ಈ ಕಥೆಯೊಳಗೆ ಬರುವುದು ಇಲ್ಲಿ.

ಬೆಳಗಾವಿಯಲ್ಲಿ ಬೆಳೆದ ದಂತವೈದ್ಯೆ ಸವಿತಾ ಹಾಲಪ್ಪನವರ್ 2012ರ ಅಕ್ಟೋಬರ್ 21ರಂದು ಗಾಲ್ವೆಯ ಯೂನಿವರ್ಸಿಟಿ ಆಸ್ಪತ್ರೆಗೆ ಬೆನ್ನುನೋವೆಂದು ಹೋದರು. ವಯಸ್ಸು 31, 17 ವಾರದ ಗರ್ಭಿಣಿ. ಮಗಳ ಸಂಭ್ರಮ ನೋಡಲು ತಂದೆ-ತಾಯಿ ಬೆಳಗಾವಿಯಿಂದ ಬಂದಿದ್ದ ಸಮಯ. ಗರ್ಭ ಉಳಿಯುವುದಿಲ್ಲ ಎಂದು ವೈದ್ಯರಿಗೆ ಖಚಿತವಾಗಿತ್ತು. ಹಾಗಾದರೆ ತೆಗೆದುಬಿಡಿ ಎಂದು ಸವಿತಾ, ಪತಿ ಪ್ರವೀಣ್ ಕೇಳಿಕೊಂಡರು. ಭ್ರೂಣದ ಎದೆಬಡಿತ ಇರುವ ತನಕ ಸಾಧ್ಯವಿಲ್ಲ ಎಂಬ ಉತ್ತರ ಬಂತು. ಇದು ಕ್ಯಾಥೊಲಿಕ್ ದೇಶ ಎಂಬ ಮಾತೂ ಬಂತು. ಆ ಮಾತನ್ನು ಹೇಳಿದ ಸೂಲಗಿತ್ತಿ ಮುಂದೆ ವಿಚಾರಣೆಯಲ್ಲಿ ಅದನ್ನು ಒಪ್ಪಿಕೊಂಡರು. ನೋಯಿಸಲು ಹೇಳಿದ್ದಲ್ಲ, ಇಲ್ಲಿನ ಸ್ಥಿತಿಯನ್ನು ವಿವರಿಸಲು ಹೇಳಿದ್ದು ಎಂದರು. ನಾನದನ್ನು ನಂಬುತ್ತೇನೆ, ನಂಬಿದಷ್ಟೂ ಸಂಕಟ ಹೆಚ್ಚುತ್ತದೆ. ಆಕೆ ಕ್ರೂರಿಯಾಗಿದ್ದರೆ ಸಿಟ್ಟು ಮಾಡಿ ಮುಗಿಸಬಹುದಿತ್ತು. ಹವಾಮಾನ ಹೇಳುವಷ್ಟು ಸಹಜವಾಗಿ ಹೇಳಿದ ಮಾತು ಅದು. ಸೋಂಕು ರಕ್ತಕ್ಕೆ ಏರಿತು. ಅಕ್ಟೋಬರ್ 28ರಂದು ಸವಿತಾ ತೀರಿಕೊಂಡರು.

ನ್ಯಾಯವಾಗಿ ಹೇಳಬೇಕೆಂದರೆ ಕೊಂದದ್ದು ಕಾನೂನೊಂದೇ ಅಲ್ಲ. ರಕ್ತಪರೀಕ್ಷೆಯ ಫಲಿತಾಂಶವನ್ನು ಸಕಾಲಕ್ಕೆ ನೋಡಿರಲಿಲ್ಲ, ನಾಡಿಬಡಿತ, ಜ್ವರದ ಮೇಲೆ ಕಣ್ಣಿಟ್ಟಿರಲಿಲ್ಲ. ಆರೋಗ್ಯ ಗುಣಮಟ್ಟ ಪ್ರಾಧಿಕಾರದ ವರದಿ ಕೈತಪ್ಪಿದ 13 ಅವಕಾಶಗಳನ್ನು ಪಟ್ಟಿ ಮಾಡಿತು. ಎಂಟನೇ ತಿದ್ದುಪಡಿಯ ಪರ ಇದ್ದವರು ಇದನ್ನೇ ಹಿಡಿದು, ಕಾನೂನಿನ ತಪ್ಪಿಲ್ಲ, ಆಸ್ಪತ್ರೆಯ ತಪ್ಪು ಎಂದು ವಾದಿಸಿದರು. ಆದರೆ ತಾಯಿಯ ಜೀವಕ್ಕೆ ಅಪಾಯ ‘ಸಾಕಷ್ಟು’ ಆಗುವವರೆಗೆ ಕಾಯಿರಿ ಎಂದು ವೈದ್ಯರ ಕೈ ಕಟ್ಟಿದ್ದು ಯಾವುದು? ಕಾಯುವ ಆ ದಿನಗಳಲ್ಲೇ ತಾನೆ ಸೋಂಕು ಬಲಿತದ್ದು?

ನವೆಂಬರ್ 14ರಂದು ‘ಐರಿಶ್ ಟೈಮ್ಸ್’ನಲ್ಲಿ ಕಿಟ್ಟಿ ಹಾಲೆಂಡ್ ಬರೆದ ವರದಿ ಬಂದ ಸಂಜೆಯೇ ಡಬ್ಲಿನ್ ಬೀದಿಗಿಳಿಯಿತು. ಎಲ್ಲರ ಕೈಯಲ್ಲೂ ನಗುತ್ತಿರುವ ಹೆಣ್ಣುಮಗಳ ಪಟ. 1984ರ ಹುಡುಗಿಯ ಬಗ್ಗೆ ‘ಎಂಥ ಮನೆಯವಳೋ’ ಎಂದು ಪಿಸುಗುಟ್ಟಲು ಜಾಗವಿತ್ತು. ಸವಿತಾರ ಬಗ್ಗೆ ಆ ಪಿಸುಮಾತಿಗೂ ಎಡೆಯಿರಲಿಲ್ಲ. ಮದುವೆಯಾದವಳು, ಮಗು ಬೇಕೆಂದಿದ್ದವಳು, ವೈದ್ಯೆ, ಕ್ಯಾಥೊಲಿಕಳೂ ಅಲ್ಲ. ತಮ್ಮ ಧರ್ಮದ ಕಟ್ಟಳೆಗೆ ಬೇರೆಯವರ ಮಗಳು ಸತ್ತಳು ಎಂಬ ನಾಚಿಕೆ ಐರಿಶರನ್ನು ಚುಚ್ಚಿದಷ್ಟು ಇನ್ನಾವುದೂ ಚುಚ್ಚಿದಂತಿಲ್ಲ. 2018ರ ಮೇ 25ರ ಜನಮತಗಣನೆಯ ಮುನ್ನ ಸವಿತಾರ ತಂದೆ-ತಾಯಿ ಬೆಳಗಾವಿಯಿಂದಲೇ ವಿಡಿಯೊ ಸಂದೇಶ ಕಳಿಸಿ, ‘ಹೌದು’ ಎಂದು ಮತ ಹಾಕುವಂತೆ ಕೇಳಿಕೊಂಡರು. ಶೇ 66.4 ಜನ ಹಾಗೆಯೇ ಮಾಡಿದರು. 40 ಕ್ಷೇತ್ರಗಳಲ್ಲಿ ಇಲ್ಲ ಎಂದದ್ದು ಡೊನೆಗಾಲ್ ಒಂದೇ. ಡಬ್ಲಿನ್ನಿನ ಗೋಡೆಯೊಂದರ ಮೇಲೆ ಬರೆದ ಸವಿತಾ ಚಿತ್ರಕ್ಕೆ ಜನ ನೂರಾರು ಚೀಟಿ ಅಂಟಿಸಿ ಕ್ಷಮೆ ಕೇಳಿದರು. ಆ ಚೀಟಿಗಳನ್ನು ಸಂಗ್ರಹಾಗಾರದಲ್ಲಿ ಈಗಲೂ ಕಾದಿಟ್ಟಿದ್ದಾರೆ. ಫಲಿತಾಂಶದ ದಿನ ದೇಶದ ಪರವಾಗಿ ಮಾತಾಡಿದ ಪ್ರಧಾನಿ ಲಿಯೊ ವರಾಡ್ಕರ್ ತಂದೆಯ ಊರು ಸಿಂಧುದುರ್ಗ ಜಿಲ್ಲೆಯ ವರಾಡ್, ಬೆಳಗಾವಿಯಿಂದ ಘಟ್ಟ ಇಳಿದರೆ ಸಿಗುವ ಸೀಮೆ. ಐರ್ಲೆಂಡಿನ ಇತಿಹಾಸದ ಈ ತಿರುವಿನಲ್ಲಿ ಪಶ್ಚಿಮ ಘಟ್ಟದ ಎರಡು ಮಗ್ಗುಲಿನ ಇಬ್ಬರು ಹೀಗೆ ಎದುರುಬದುರಾಗಿ ನಿಂತಿರುವುದನ್ನು ನಾವು ಅಷ್ಟಾಗಿ ಗಮನಿಸಿಲ್ಲ.

ಅದೇ ಗಾಲ್ವೆ ಪ್ರಾಂತದ ಟ್ಯೂಮ್ ಎಂಬ ಊರಿನಲ್ಲಿ 1925ರಿಂದ 1961ರ ತನಕ ಬಾನ್ ಸೆಕೂರ್ ಸಿಸ್ಟರ್‌ಗಳು ಮದುವೆಯಾಗದ ತಾಯಂದಿರ ಆಶ್ರಮ ನಡೆಸುತ್ತಿದ್ದರು. ಕ್ಯಾಥರೀನ್ ಕಾರ್ಲೆಸ್ ಎಂಬ ಸ್ಥಳೀಯ ಇತಿಹಾಸದ ಹವ್ಯಾಸಿ, ಯಾವ ವಿಶ್ವವಿದ್ಯಾಲಯದ ಬೆಂಬಲವೂ ಇಲ್ಲದ ಗೃಹಿಣಿ, ಅಲ್ಲಿ ಸತ್ತ ಮಕ್ಕಳ ಮರಣಪತ್ರಗಳನ್ನು ಒಂದೊಂದಕ್ಕೆ 4 ಯೂರೊ ಕೈಯಿಂದ ಕೊಟ್ಟು ತರಿಸಿದರು. 796 ಮಕ್ಕಳು. ಒಂದಕ್ಕೂ ಸಮಾಧಿಯ ದಾಖಲೆ ಇಲ್ಲ. ಹಳೆಯ ಚರಂಡಿ ತೊಟ್ಟಿಯಂಥ ರಚನೆಯೊಳಗೆ ಶಿಶುಗಳ ಎಲುಬುಗಳಿವೆ ಎಂದು 2017ರಲ್ಲಿ ಖಚಿತವಾಯಿತು. ಅಗೆದು ಗುರುತು ಹಿಡಿಯುವ ಕೆಲಸ ಶುರುವಾದದ್ದು 2025ರಲ್ಲಿ. ಇಂಥ 18 ಸಂಸ್ಥೆಗಳನ್ನು ತನಿಖೆ ಮಾಡಿದ ಆಯೋಗ 2021ರ ಜನವರಿಯಲ್ಲಿ ಕೊಟ್ಟ ವರದಿಯ ಪ್ರಕಾರ ಅಲ್ಲಿ ಸತ್ತ ಮಕ್ಕಳು ಸುಮಾರು 9,000.

ಆ ವರದಿ ಇನ್ನೊಂದು ಮಾತು ಹೇಳಿತು: ಈ ಹೆಂಗಸರ ಪಾಡಿಗೆ ಮುಖ್ಯ ಹೊಣೆ ಮಕ್ಕಳ ತಂದೆಯರದು ಮತ್ತು ಹೆಂಗಸರ ಸ್ವಂತ ಕುಟುಂಬಗಳದು, ಚರ್ಚು ಮತ್ತು ಸರ್ಕಾರ ಅದಕ್ಕೆ ಒತ್ತಾಸೆ ಕೊಟ್ಟವು. ಬದುಕುಳಿದವರು ಕೆಂಡವಾದರು. ಎಲ್ಲರ ಮೇಲೆ ಹಂಚಿದ ಅಪರಾಧ ಯಾರ ಮೇಲೂ ಇಲ್ಲದ ಅಪರಾಧ ಎಂಬ ಅವರ ಸಿಟ್ಟು ಸರಿಯೇ. ಪ್ರವಚನಪೀಠದಿಂದ ಭಯ ಬಿತ್ತಿದವರು ಮತ್ತು ಆ ಭಯಕ್ಕೆ ಮಗಳನ್ನು ಬಾಗಿಲಾಚೆ ತಳ್ಳಿದವರು ಸಮಾನ ಹೊಣೆಗಾರರಲ್ಲ. ಆದರೂ ಒಂದು ಮುಜುಗರ ಉಳಿಯುತ್ತದೆ. ಮ್ಯಾಗ್ಡಲೀನ್ ಲಾಂಡ್ರಿಗಳೆಂಬ ಬಟ್ಟೆ ಒಗೆಯುವ ಕನ್ಯಾಮಠಗಳಲ್ಲಿ 1922ರ ನಂತರ ಸುಮಾರು 10,000 ಹೆಂಗಸರು ಕೂಲಿಯಿಲ್ಲದೆ ದುಡಿದರು, ಕೊನೆಯದು ಮುಚ್ಚಿದ್ದು 1996ರಲ್ಲಿ. ಅಲ್ಲಿ ಒಗೆದದ್ದು ಹೋಟೆಲುಗಳ, ಆಸ್ಪತ್ರೆಗಳ, ಸರ್ಕಾರಿ ಕಚೇರಿಗಳ ಬಟ್ಟೆ. ಅವರನ್ನು ಅಲ್ಲಿಗೆ ಕಳಿಸಿದ ಪ್ರಕರಣಗಳಲ್ಲಿ ಕಾಲುಭಾಗಕ್ಕೂ ಹೆಚ್ಚು ಸರ್ಕಾರದ ಕಡೆಯಿಂದ. 1993ರಲ್ಲಿ ಡಬ್ಲಿನ್ನಿನ ಒಂದು ಮಠ ಜಮೀನು ಮಾರುವಾಗ 133 ಗೋರಿ ತೆಗೆಯಲು ಪರವಾನಗಿ ಪಡೆದು ಅಗೆದರೆ ಸಿಕ್ಕಿದ್ದು 155 ಹೆಣ. ಗೋಡೆಯಾಚೆ ಏನು ನಡೆಯುತ್ತದೆಂದು ಊರಿಗೆ ಗೊತ್ತಿರಲಿಲ್ಲ ಎಂದರೆ ನಂಬುವುದು ಕಷ್ಟ. ಇವತ್ತು ಚರ್ಚಿನ ಮೇಲೆ ಇಡೀ ದೇಶ ತೋರುವ ಸಿಟ್ಟಿನಲ್ಲಿ ತನ್ನ ಅಜ್ಜ-ಅಜ್ಜಿಯನ್ನು ಪಾರು ಮಾಡುವ ಆತುರವೂ ಸೇರಿಕೊಂಡಿದೆ ಎಂದು ನನ್ನ ಗುಮಾನಿ.

2018ರ ಆಗಸ್ಟಿನಲ್ಲಿ ಪೋಪ್ ಫ್ರಾನ್ಸಿಸ್ ಅದೇ ಫೀನಿಕ್ಸ್ ಪಾರ್ಕಿಗೆ ಬಂದರು. ಐದು ಲಕ್ಷ ಜನರ ನಿರೀಕ್ಷೆಯಿತ್ತು, ಬಂದವರು ಒಂದೂವರೆ ಲಕ್ಷದ ಆಸುಪಾಸು. 1795ರಲ್ಲಿ ಸ್ಥಾಪನೆಯಾದ ಮೇನೂತ್ ಗುರುಮಠ ಒಂದು ಕಾಲಕ್ಕೆ ಲೋಕದ ಅತಿ ದೊಡ್ಡ ಗುರುಮಠಗಳಲ್ಲೊಂದು. 2017ರಲ್ಲಿ ಅಲ್ಲಿ ಹೊಸದಾಗಿ ಸೇರಿದವರು 6 ಜನ. ಡಬ್ಲಿನ್ನಿನ ಕ್ಲಾನ್ಲಿಫ್ ಗುರುಮಠದ ಜಾಗವನ್ನು ಕ್ರೀಡಾಸಂಸ್ಥೆಯೊಂದು ಕೊಂಡುಕೊಂಡಿದೆ. 1841ರಲ್ಲಿ ಡಬ್ಲಿನ್ನಿನ ರಾತ್‌ಫಾರ್ನಮ್ ಮಠದಿಂದ ಲೊರೆಟೊ ಸಿಸ್ಟರ್‌ಗಳು ಕಲ್ಕತ್ತೆಗೆ ಬಂದಿದ್ದರು, ಮದರ್ ತೆರೇಸಾ 1928ರಲ್ಲಿ ಇಂಗ್ಲಿಷ್ ಕಲಿಯಲು ಮೊದಲು ಹೋದದ್ದೂ ಅದೇ ಮಠಕ್ಕೆ. ಈಗ ಹಡಗಿನ ದಿಕ್ಕು ಬದಲಾಗಿದೆ. ಐರಿಶ್ ಧರ್ಮಕೇಂದ್ರಗಳಲ್ಲಿ ಪೂಜೆ ಅರ್ಪಿಸುವವರಲ್ಲಿ ಭಾರತದ, ನೈಜೀರಿಯಾದ ಗುರುಗಳಿದ್ದಾರೆ. ಆಸ್ಪತ್ರೆಗಳನ್ನು ನಡೆಸುತ್ತಿರುವವರಲ್ಲಿ ಕೇರಳದ ನರ್ಸ್‌ಗಳ ಪಾಲು ದೊಡ್ಡದು. ಭಾನುವಾರ ಅವರ ಸಿರೊ-ಮಲಬಾರ್ ಪೂಜೆಗೆ ಮಕ್ಕಳುಮರಿಯೊಂದಿಗೆ ಜನ ಸೇರುತ್ತಾರೆ.

ಹಾಗೆಂದು ಸ್ಥಳೀಯರ ಭಕ್ತಿ ಬತ್ತಿಲ್ಲ. ಜುಲೈ ಕೊನೆಯ ಭಾನುವಾರ ಸಾವಿರಾರು ಜನ ಕ್ರೋಗ್ ಪ್ಯಾಟ್ರಿಕ್ ಬೆಟ್ಟವನ್ನು, ಕೆಲವರು ಬರಿಗಾಲಲ್ಲೇ, ಹತ್ತುತ್ತಾರೆ. ಸತ್ತವರ ಮನೆಗೆ ಊರೇ ಹೋಗುತ್ತದೆ. ಮಕ್ಕಳ ಪ್ರಥಮ ಪರಮಪ್ರಸಾದಕ್ಕೆ ಬಿಳಿಯುಡುಪು, ಹೋಟೆಲಿನಲ್ಲಿ ಊಟ, ಲಕೋಟೆಯಲ್ಲಿ ಹಣ ಎಲ್ಲ ಜೋರು, ಅಪ್ಪ-ಅಮ್ಮ ವರ್ಷವಿಡೀ ಚರ್ಚಿನ ಮುಖ ನೋಡಿರದಿದ್ದರೂ. 2023ರಿಂದ ಸರ್ಕಾರ ಹೊಸದೊಂದು ಸಾರ್ವಜನಿಕ ರಜೆ ಕೊಟ್ಟಿದೆ, ಸಂತ ಬ್ರಿಜಿಡ್ ಹೆಸರಿನಲ್ಲಿ. ಆಕೆ ಕಿಲ್ಡೇರಿನ ಮಠಾಧಿಪತಿ, ಆಕೆಯ ಹಿಂದೆ ಅದೇ ಹೆಸರಿನ ಹಳೆಯ ದೇವತೆಯೂ ಇದ್ದಾಳೆ. ಬಿಷಪ್ಪರಿಗೂ ಸ್ತ್ರೀವಾದಿಗಳಿಗೂ ಒಪ್ಪಿಗೆಯಾದ ಸಂತಳು! 1850ಕ್ಕೂ ಮೊದಲಿನ ಬಾವಿ-ಬೆಟ್ಟಗಳ ಧರ್ಮ, ಕಲ್ಲೆನ್ ಕಟ್ಟಿದ ಕಲ್ಲಿನ ಚರ್ಚಿಗಿಂತ ಗಟ್ಟಿ ಎಂದು ಕಾಣುತ್ತದೆ.

ನಿಜವಾದ ಜಗ್ಗಾಟ ಉಳಿದಿರುವುದು ಆಸ್ತಿಯಲ್ಲಿ. ಡಬ್ಲಿನ್ನಿನ ಹೊಸ ರಾಷ್ಟ್ರೀಯ ಹೆರಿಗೆ ಆಸ್ಪತ್ರೆಯನ್ನು ಸಿಸ್ಟರ್ಸ್ ಆಫ್ ಚಾರಿಟಿ ಒಡೆತನದಲ್ಲಿದ್ದ ಸೇಂಟ್ ವಿನ್ಸೆಂಟ್ಸ್ ಆವರಣದಲ್ಲಿ ಕಟ್ಟಬೇಕೆಂದಾಗ, ಸವಿತಾ ಸತ್ತ ದೇಶದಲ್ಲಿ ಹೆರಿಗೆ ಕೋಣೆಯ ನೆಲ ಮತ್ತೆ ಯಾರದು ಎಂಬ ಗಲಾಟೆ ವರ್ಷಗಟ್ಟಲೆ ನಡೆಯಿತು. ಸಿಸ್ಟರ್‌ಗಳು ಹೊರಗೆ ಹೋದರು. 2022ರಲ್ಲಿ ಸರ್ಕಾರ ನೆಲ ಕೊಳ್ಳಲಿಲ್ಲ, ವರ್ಷಕ್ಕೆ 10 ಯೂರೊ ಬಾಡಿಗೆಗೆ 299 ವರ್ಷದ ಗುತ್ತಿಗೆಗೆ ಒಪ್ಪಿತು. ಇನ್ನು ಪ್ರಾಥಮಿಕ ಶಾಲೆಗಳು. ಹತ್ತರಲ್ಲಿ ಸುಮಾರು ಒಂಬತ್ತಕ್ಕೆ ಇವತ್ತೂ ಬಿಷಪ್ಪರದೇ ಯಜಮಾನಿಕೆ, ಸಂಬಳ ಮಾತ್ರ ಸರ್ಕಾರದ್ದು. ಸೀಟು ಸಿಗಲೆಂದೇ ಮಗುವಿಗೆ ದೀಕ್ಷಾಸ್ನಾನ ಮಾಡಿಸುವ ಪರಿಪಾಠಕ್ಕೆ 2018ರ ಕಾಯ್ದೆ ಕಡಿವಾಣ ಹಾಕಿತು. ಆದರೆ ಶಾಲೆಗಳನ್ನು ಹಸ್ತಾಂತರಿಸುವ ಕೆಲಸ, ಸ್ವತಃ ಬಿಷಪ್ಪರು ತತ್ವದಲ್ಲಿ ಒಪ್ಪಿದ್ದರೂ, ಆಮೆನಡಿಗೆಯಲ್ಲಿದೆ.

2019ರಲ್ಲಿ ಉತ್ತರ ಡಬ್ಲಿನ್ನಿನಲ್ಲಿ ಒಂದು ಶಾಲೆಯನ್ನಾದರೂ ಎಲ್ಲ ಧರ್ಮದವರಿಗೆ ಬಿಟ್ಟುಕೊಡುವ ಮಾತು ಬಂತು. ಹಾಗಾದರೆ ಶಾಲೆಯಲ್ಲಿ ಕ್ರಿಸ್‌ಮಸ್ ಇರುವುದಿಲ್ಲ, ಹಾಡಿಲ್ಲ, ಅಜ್ಜ-ಅಜ್ಜಿಯರ ದಿನವೂ ಇಲ್ಲ ಎಂಬ ಎಚ್ಚರಿಕೆಗಳು ಪೋಷಕರಿಗೆ ಹೋದವು. ಅದೆಲ್ಲ ದಿಕ್ಕು ತಪ್ಪಿಸುವ ಮಾತು ಎಂದು ಶಿಕ್ಷಣ ಸಚಿವರೇ ಸಮಜಾಯಿಷಿ ಕೊಡಬೇಕಾಯಿತು. ಹಿಂದಿನ ವರ್ಷವಷ್ಟೇ ಎಂಟನೇ ತಿದ್ದುಪಡಿಯನ್ನು ಭಾರಿ ಅಂತರದಿಂದ ಕಿತ್ತೆಸೆದಿದ್ದ ನಗರ ಅದು. ಆದರೂ ಪೋಷಕರು ತಮ್ಮ ಶಾಲೆ ಬದಲಾಗುವುದು ಬೇಡ ಎಂದರು. ಬೇಕಿದ್ದರೆ ಪಕ್ಕದ ಶಾಲೆ ಬದಲಾಗಲಿ.